ಗಂಗಾಳದಲ್ಲಿ ಎದ್ದ ತೆರೆ

ದಾಳಿಂಬ ಎಂಬ ಗಡಿಯೂರಿನಲ್ಲಿ ಇಳಿದು ರಂಭಾಬಾಯಿಯ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಮುಖ ನೋಡುತ್ತಾರೆ. ಆಮೇಲೆ ನೆನಪಾಗಿ, "ಓ, ಕಮಿಂಗ್‌ಬಾಯಿ ಮನಿ ಕೇಳ್ಲಾಕತ್ತೀರೇನ್ರಿ" ಎಂದು ನಗುತ್ತ ದಾರಿ ತೋರಿಸುತ್ತಾರೆ. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಗೆ ಬೆನ್ನು ಕೊಟ್ಟು ನಾಲ್ಕು ಹೆಜ್ಜೆ ನಡೆದರೆ ಅವರ ಓಣಿ. ಅಂಗಳದ ಒಂದು ಕಡೆ ತಗಡಿನ ಶೆಡ್ಡು, ಇನ್ನೊಂದು ಕಡೆ ಹೊಸದಾಗಿ ಕಟ್ಟಿದ ಸ್ಲ್ಯಾಬಿನ ಮನೆ. ನಾನು ಹೇಳಹೊರಟಿರುವುದು ರಂಭಾಬಾಯಿ ಆ ಶೆಡ್ಡಿನಿಂದ ಈ ಮನೆಗೆ ಹೋದ ಕಥೆ. ಅಂಗಳ ದಾಟುವುದರಲ್ಲಿ ಏನು ಕಥೆ ಬಂತು ಎನ್ನಬೇಡಿ, ಸ್ವಲ್ಪ ತಾಳಿ.

ನಮ್ಮ ಗಡಿ ಜನರ ಬಾಯಿ ನಿಮಗೆ ಗೊತ್ತೇ ಇದೆ. ಕನ್ನಡದಲ್ಲಿ ಮಾತು ಶುರುಮಾಡಿ, ಮರಾಠಿಯಲ್ಲಿ ಜಗಳಾಡಿ, ಉರ್ದುವಿನಲ್ಲಿ ರಾಜಿ ಆಗುವ ಜನ ನಾವು. ಇಂಗ್ಲಿಷೂ ಈಗ ಯಾರನ್ನೂ ಕೇಳದೆ ಮನೆಯೊಳಗೆ ಬಂದು ಕೂತಿದೆ. ಎಮ್ಮೆ ಹಾಲು ಕೊಡದಿದ್ದರೆ 'ಟೆನ್ಶನ್', ಮೊಮ್ಮಗ ಉಣ್ಣದಿದ್ದರೆ 'ಪ್ರಾಬ್ಲಂ'. ಆದರೆ ರಂಭಾಬಾಯಿಯ ಬಾಯಿಗೆ ಅವಳ ಆ ಒಂದು ಶಬ್ದ ಬಂದದ್ದು ಊರಿಗೆ ಮೊಬೈಲು ಬರುವುದಕ್ಕಿಂತ ಬಹಳ ಮೊದಲು. ಹೊಸ ಮದುಮಗಳಾಗಿ ಬಂದಾಗಲೇ ಅತ್ತೆ ಕೂಗಿದರೆ 'ಬಂದೆ' ಎನ್ನುತ್ತಿರಲಿಲ್ಲ, 'ಕಮಿಂಗ್, ಕಮಿಂಗ್' ಎನ್ನುತ್ತ ಓಡಿ ಬರುತ್ತಿದ್ದಳು. ಕರು ಒದರಿದರೂ ಕಮಿಂಗ್, ಹಾಲು ಉಕ್ಕಿದರೂ ಕಮಿಂಗ್. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ಹೆಣ್ಣು ಇದನ್ನೆಲ್ಲಿ ಕಲಿತಳು ಎಂದು ಓಣಿಯವರು ಮೊದಮೊದಲು ಬೆರಗಾದರು, ಆಮೇಲೆ ಚೇಷ್ಟೆ ಮಾಡಿದರು, ಕೊನೆಗೆ ಅದನ್ನೇ ಅವಳ ಹೆಸರು ಮಾಡಿಬಿಟ್ಟರು. ಅವಳೂ ನಗುತ್ತ ಅದಕ್ಕೆ ಓಗೊಟ್ಟಳು.

ರಂಭಾಬಾಯಿಯ ತವರು ತೇರಣಾ ಹೊಳೆಯ ದಂಡೆಯ ಒಂದು ಹಳ್ಳಿ. ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ ಆದ ಆ ಭೂಕಂಪದ ಬಗ್ಗೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದಿಗೂ ಯಾರ ವಯಸ್ಸು ಕೇಳಿದರೂ 'ಭೂಕಂಪದ ಮೊದಲ', 'ಭೂಕಂಪ ಆದಮ್ಯಾಲ' ಎಂದೇ ಹೇಳುತ್ತೇವೆ. ಅವಳಿಗೆ ಆಗ ಹತ್ತರ ಆಸುಪಾಸು. ಕಲ್ಲುಮಣ್ಣಿನ ಮಾಳಿಗೆ ಮನೆ ಕೂತುಹೋಯಿತು. ಅಪ್ಪ ಅವ್ವ ಇಬ್ಬರೂ ಅದರಡಿಯಲ್ಲೇ ಹೋದರು, ಇವಳೊಬ್ಬಳನ್ನು ಜೀವಂತ ಹೊರತೆಗೆದರು. ನಿಲಂಗಾದ ಸೋದರಮಾವ ಸಾಕಿ ಬೆಳೆಸಿ, ದಾಳಿಂಬದ ದಿಗಂಬರನಿಗೆ ಕೊಟ್ಟು ಮದುವೆ ಮಾಡಿದ.

ಬಂದ ಮೊದಲ ವಾರವೇ ಪೇಚಾಟ. ದಿಗಂಬರನ ಮನೆಯೂ ಮಾಳಿಗೆ ಮನೆ. ದೀಪ ಆರಿಸುವ ಹೊತ್ತಿಗೆ ಸೊಸೆ ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಹೋಗಿ ಕೂರುತ್ತಿದ್ದಳು. ಬೈದರೂ ಇಲ್ಲ, ರಮಿಸಿದರೂ ಇಲ್ಲ. ಹೆಂಗಸರು ಬಾಯಿಗೆ ಸೆರಗು ಹಚ್ಚಿ ಗುಸುಗುಸು ಶುರುಮಾಡಿದರು, ಹುಡುಗಿಗೆ ಏನೋ ಹಿಡಿದಿದೆ ಎಂದರು. ಬೇರೆ ಮನೆಯಾಗಿದ್ದರೆ ಸೋದರಮಾವನ ಮನೆಗೆ ಅಟ್ಟುತ್ತಿದ್ದರು. ಆದರೆ ಆ ಮನೆಯಲ್ಲಿ ಶಕುಂತಲಾಬಾಯಿ ಎಂಬ ಅತ್ತೆ ಇದ್ದಳು. ಬಾಯಿ ಬಲು ಜೋರು, ಬಜಾರಿನಲ್ಲಿ ಆಕೆ ಬೆಲೆ ಕಟ್ಟಿದ ಮೇಲೆ ವ್ಯಾಪಾರಿ ತಿರುಗಿ ಮಾತಾಡುವಂತಿರಲಿಲ್ಲ. ಆಕೆ ಒಂದು ದಿನ ಎಲ್ಲರ ಎದುರಿಗೆ ತನ್ನ ಹಾಸಿಗೆಯನ್ನೂ ಅಂಗಳಕ್ಕೆ ತಂದು ಸೊಸೆಯ ಪಕ್ಕ ಹಾಸಿದಳು.

"ಸೊಸಿ ಹೊರಗ ಮಲಗಿದ್ರ ನಾ ಒಳಗ ಹ್ಯಾಂಗ ಮಲಗ್ಲಿ? ಯಾರಿಗರೇ ಏನರೇ ಅನ್ನೂದಿದ್ರ ನನಗ ಅನ್ರಿ" ಎಂದಳು.

ಗುಸುಗುಸು ಅಲ್ಲಿಗೇ ನಿಂತಿತು. ಮಳೆಗಾಲ ಬಂದಾಗ ದಿಗಂಬರ ನಾಲ್ಕು ಕಂಬ ಹುಗಿದು ಮೇಲೆ ತಗಡು ಹೊದಿಸಿದ. ಅತ್ತೆ ಸೊಸೆ ಇಬ್ಬರ ಬದುಕೂ ಅಂದಿನಿಂದ ಆ ಶೆಡ್ಡಿನಲ್ಲೇ. ಶುಭಂ ಮತ್ತು ಶುಭಾಂಗಿ ಎಂಬ ಇಬ್ಬರು ಮಕ್ಕಳ ತೊಟ್ಟಿಲು ತೂಗಿದ್ದೂ ಅಲ್ಲೇ. ಆ ಮುದುಕಿ ಬೇಸಿಗೆಯಲ್ಲಿ ತಗಡಿನ ಕಾವಿಗೆ ಬೆಂದಳು, ಚಳಿಗಾಲದಲ್ಲಿ ಗಡಗಡ ನಡುಗಿದಳು, ಒಂದು ದಿನವೂ ಹಂಗಿಸಲಿಲ್ಲ. ರಂಭಾಬಾಯಿ ಅದನ್ನು ಹೇಳುವಾಗ ಈಗಲೂ ಕಣ್ಣು ಒರೆಸಿಕೊಳ್ಳುತ್ತಾಳೆ. "ಹಡದಾಕಿ ಹತ್ತು ವರ್ಷ ಸಾಕಿದ್ಲು, ಈಕಿ ಉಳದದ್ದೆಲ್ಲಾ ಸಾಕ್ಯಾಳ" ಎನ್ನುತ್ತಾಳೆ.

ಆ ಶೆಡ್ಡಿನಲ್ಲಿ ರಂಭಾಬಾಯಿಯ ತಲೆದೆಸೆಗೆ ಒಂದು ಕಂಚಿನ ಗಂಗಾಳ ಇರುತ್ತಿತ್ತು. ಅಂಚಿನ ತನಕ ನೀರು. ದಿನಾ ಬೆಳಿಗ್ಗೆ ಆ ನೀರನ್ನು ತುಳಸಿಗೆ ಹಾಕಿ, ಗಂಗಾಳ ತಿಕ್ಕಿ, ಹೊಸ ನೀರು ತುಂಬಿ ಇಡುತ್ತಿದ್ದಳು. ಇದಕ್ಕೂ ಯಾರೂ ಕಾರಣ ಕೇಳಲಿಲ್ಲ. ಕೇಳುವುದೇನು, ಗೊತ್ತೇ ಇತ್ತಲ್ಲ! ನಮ್ಮ ಕಡೆ ನೆಲದೊಳಗೆ ಆಗಾಗ ಗುಡುಗುಡು ಸದ್ದು ಬರುತ್ತದೆ. ಅಂಥ ದಿನಗಳಲ್ಲಿ ಪಾತ್ರೆಯಲ್ಲಿ ನೀರಿಟ್ಟು ತೆರೆ ಏಳುತ್ತದೆಯೋ ಇಲ್ಲವೋ ಎಂದು ನೋಡುತ್ತ ಕೂರುವ ಮನೆಗಳು ಬೇಕಾದಷ್ಟಿವೆ. ಭೂಮಿ ಅಲುಗಿದರೆ ಮನುಷ್ಯನಿಗಿಂತ ಮೊದಲು ನೀರಿಗೆ ತಿಳಿಯುತ್ತದೆ ಎಂಬ ನಂಬಿಕೆ. ಭೂಕಂಪದಲ್ಲಿ ನೊಂದ ಜೀವ, ಹೆದರಿ ಇಟ್ಟುಕೊಂಡಿದೆ ಎಂದು ಎಲ್ಲರೂ ತಿಳಿದರು.

ಬರಬರುತ್ತ ಆ ಗಂಗಾಳ ಇಡೀ ಓಣಿಗೆ ಕಾವಲುಗಾರನಾಯಿತು. ಪಕ್ಕದ ಮನೆಯ ಖಂಡೆಪ್ಪ ಉಮರ್ಗಾಕ್ಕೆ ಶೇರ್ ಆಟೋ ಹೊಡೆಯುವವನು, ಜೀವದ ಮೇಲೆ ಮಹಾ ಆಸೆ. ದಿನಾ ಗೋಡೆಯ ಮೇಲಿಂದ ಇಣುಕಿ, "ರಂಭಕ್ಕಾ, ಗಂಗಾಳ ಸುಮ್ಮನದ ಇಲ್ರೀ?" ಎಂದು ಕೇಳಿಯೇ ಆಟೋ ತೆಗೆಯುತ್ತಿದ್ದ. "ಸುಮ್ಮನದಪ್ಪಾ, ನೀ ಹೋಗಿ ಬಾ" ಎನ್ನುತ್ತಿದ್ದಳು ಅವಳು.

ಈ ಸಲದ ಸೋಯಾಬೀನ್ ರಾಶಿಯ ಹೊತ್ತಿಗೆ ಒಂದು ತಮಾಷೆ ಆಯಿತು. ಹಿಂದಿನ ಖಾಲಿ ಜಾಗಕ್ಕೆ ಯಾರೋ ಕಾಳು ಒಕ್ಕುವ ರಾಶಿ ಯಂತ್ರ ತಂದು ನಿಲ್ಲಿಸಿದ್ದು ಖಂಡೆಪ್ಪನಿಗೆ ಗೊತ್ತಿಲ್ಲ. ಅವನು ಇಣುಕುವುದಕ್ಕೂ, ಆಚೆ ಯಂತ್ರ ಶುರುವಾಗುವುದಕ್ಕೂ ಸರಿಹೋಯಿತು. ಗಂಗಾಳದ ನೀರಿನಲ್ಲಿ ಒಂದರ ಹಿಂದೆ ಒಂದು ತೆರೆ. "ಹೊರಗ ಬರ್ರೀ, ಎಲ್ಲಾರೂ ಹೊರಗ ಬರ್ರೀ" ಎಂದು ಖಂಡೆಪ್ಪ ಬೊಬ್ಬೆ ಹೊಡೆದ. ಓಣಿಗೆ ಓಣಿಯೇ ರಸ್ತೆಗೆ ಬಿತ್ತು. ಒಬ್ಬರ ಕಂಕುಳಲ್ಲಿ ಕೂಸು, ಒಬ್ಬರ ತಲೆಯ ಮೇಲೆ ಟೀವಿ; ಖಂಡೆಪ್ಪ ಮಾತ್ರ ಆಟೋದ ಚಾವಿ ಒಂದನ್ನೇ ಹಿಡಿದುಕೊಂಡು, ಹೆಂಡತಿಯನ್ನು ಒಳಗೇ ಮರೆತು ಬಂದಿದ್ದ. ಆಕೆ ಆಮೇಲೆ ಅವನಿಗೆ ಹಾಕಿದ ಮಂಗಳಾರತಿ ರಾಶಿ ಯಂತ್ರದ ಸದ್ದನ್ನೂ ಮೀರಿ ಕೇಳಿತು.

ಎಲ್ಲರೂ ಹೀಗೆ ಓಡಾಡುವಾಗ ರಂಭಾಬಾಯಿ ಮಾತ್ರ ಗಂಗಾಳದ ಪಕ್ಕದಲ್ಲೇ ಕೂತಿದ್ದಳು. ಒಂದು ಬೆರಳನ್ನು ನೀರಿನಲ್ಲಿ ಅದ್ದಿದ್ದಳು, ಮುಖದಲ್ಲಿ ನಗು. ಹೆದರಿಕೆಯ ಸುಳಿವೇ ಇರಲಿಲ್ಲ. ಅದನ್ನು ಕಂಡವಳು ಶಕುಂತಲಾಬಾಯಿ ಒಬ್ಬಳೇ.

ಇಷ್ಟರಲ್ಲಿ ಹೊಸ ಮನೆ ಮೇಲೆದ್ದಿತ್ತು. ಮಾಳಿಗೆ ಮನೆ ಕೆಡವಿ ಅದೇ ಜಾಗದಲ್ಲಿ ಶುಭಂ ಮುಂದೆ ನಿಂತು ಕಟ್ಟಿಸಿದ್ದು. ಹೋದ ಚಳಿಗಾಲದಲ್ಲಿ ಶಕುಂತಲಾಬಾಯಿಗೆ ಎದೆಯಲ್ಲಿ ಕಫ ಕಟ್ಟಿ, ಉಮರ್ಗಾದ ದವಾಖಾನೆಯಲ್ಲಿ ಹೋಗಿ ಬಂದ ಜೀವವಾಗಿತ್ತು. ಡಾಕ್ಟರು ಈ ಸಲ ಖಡಾಖಂಡಿತ ಹೇಳಿಬಿಟ್ಟರು. "ಇನ್ನೊಂದು ಚಳಿಗಾಲ ತಗಡಿನ ಕೆಳಗ ಮಲಗಿಸಿದ್ರ ಆಯಿ ಉಳಿಯಾಂಗಿಲ್ಲ. ಬೆಚ್ಚಗಿನ ಖೋಲಿಯಾಗ ಇಡ್ರಿ."

ಮುದುಕಿ ಹಟ ಹಿಡಿದಳು. "ರಂಭಾ ಒಳಗ ಬಂದ್ರ ನಾ ಬರ್ತೀನಿ. ಇಲ್ಲಾಂದ್ರ ಆಕಿ ಎಲ್ಲೋ ನಾ ಅಲ್ಲೇ. ನನಗೇನ್ ಟೆನ್ಶನ್ ಇಲ್ಲ."

ಟೆನ್ಶನ್ ಎಲ್ಲ ರಂಭಾಬಾಯಿಗೆ ಬಂತು. ತಾನು ಒಳಗೆ ಕಾಲಿಡದಿದ್ದರೆ ಅತ್ತೆ ಹೊರಗೆ ಉಳಿಯುತ್ತಾಳೆ. ಹೊರಗೆ ಉಳಿದರೆ ಹೋಗುತ್ತಾಳೆ. ಇದು ಅವಳಿಗೆ ಹಗಲಿನಷ್ಟು ನಿಚ್ಚಳ. ಬೆಳಗಾಗೆದ್ದು ಹೊಸ ಮನೆಯ ಹೊಸ್ತಿಲ ತನಕ ಹೋಗುತ್ತಿದ್ದಳು, ಮೇಲಿನ ಸ್ಲ್ಯಾಬು ನೋಡುತ್ತಿದ್ದಳು, ಕಾಲು ಕಲ್ಲಾಗಿ ವಾಪಸು ಬರುತ್ತಿದ್ದಳು. ಶುಭಂ ತಾಯಿಗೆ ಕಾಂಕ್ರೀಟಿನ ಕಾಲಮ್ಮು ತಟ್ಟಿ ತೋರಿಸಿದ, ಬೀಮು ತೋರಿಸಿದ, ಎಷ್ಟು ದಪ್ಪದ ಕಬ್ಬಿಣ ಹಾಕಿದೆ ಎಂದು ವಿವರಿಸಿದ. "ಅವ್ವಾ, ಲಾರಿ ಬಂದು ಗುದ್ದಿದ್ರೂ ಇದು ಬೀಳಾಂಗಿಲ್ಲ" ಎಂದ.

"ಗೊತ್ತದಪ್ಪಾ, ಬೀಳಾಂಗಿಲ್ಲ. ನೀ ಚಲೋ ಕಟ್ಟೀದಿ" ಎಂದಳು ಅವಳು. "ಆದ್ರ ಕಾಲು ಕೇಳವಲ್ದು."

ದೀಪಾವಳಿ ರಜೆಗೆ ಶುಭಾಂಗಿ ಉದಗೀರದಿಂದ ಬಂದಳು. ಅಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಹುಡುಗಿ, ಕಲಿತದ್ದನ್ನು ಯಾರಿಗಾದರೂ ಹೇಳದಿದ್ದರೆ ಅವಳಿಗೆ ಅನ್ನ ಕರಗುವುದಿಲ್ಲ. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಆಯಿ ಶಕುಂತಲಾಬಾಯಿ ಮಂಚದ ಮೇಲೆ ಮಲಗಿದ್ದಳು, ಅವ್ವ ತೊಗರಿ ಕೇರುತ್ತಿದ್ದಳು. ಶುಭಾಂಗಿ ಗಂಗಾಳದ ನೀರಿಗೆ ಒಂದು ತೊಗರಿ ಕಾಳು ಹಾಕಿ, ಸುತ್ತು ಸುತ್ತಾಗಿ ಹರಡಿದ ತೆರೆ ನೋಡುತ್ತ ಶುರುಮಾಡಿದಳು.

"ಅವ್ವಾ, ಆಕಾಶದಾಗೂ ಹಿಂಗೇ ತೆರಿ ಏಳ್ತಾವ. ಸೂರ್ಯನಕಿಂತಾ ಎಷ್ಟೋ ಭಾರದ್ದು ಎರಡು ಸತ್ತ ಚಿಕ್ಕಿ, ಒಂದರ ಸುತ್ತ ಒಂದು ತಿರಗಿ ತಿರಗಿ ಕಡಿಗಿ ಡಿಕ್ಕಿ ಹೊಡದ್ವು ಅನ್ನು. ಖಾಲಿ ಆಕಾಶಾನೇ ಅಲುಗಿಬಿಡ್ತದ. ನಾವ್ಯಾರೂ ಹುಟ್ಟೂದಕ್ಕಿಂತಾ ಭಾಳ ಹಿಂದ ಎದ್ದ ತೆರಿ ಇವತ್ತು ಬಂದು ನಮ್ಮನ್ನ ದಾಟಿ ಹೋಗ್ತಾವ."

"ನಮಗ ಗೊತ್ತಾಗೂದಿಲ್ಲಲ್ಲ" ಎಂದಳು ರಂಭಾಬಾಯಿ.

"ಅಷ್ಟು ಸಣ್ಣ ಇರ್ತಾವ. ಅದಕ್ಕಂತೇ ಉದ್ದುದ್ದ ಕೊಳವಿ ಹಾಕಿ ಒಂದು ಯಂತ್ರ ಕಟ್ಲಾಕತ್ತಾರ. ಎಲ್ಲೋ ಅಲ್ಲ, ನಮ್ಮ ಹಿಂಗೋಲಿ ಕಡಿಗೆ, ಔಂಢಾ ನಾಗನಾಥ ದೇವರ ಊರಿನ ಹತ್ರ."

"ನಾಗನಾಥನ ಹತ್ರ ಅಂದ್ರ ಜಾಗಾ ಬರೋಬ್ಬರಿ ಹಿಡದಾರ" ಎಂದಳು ಮಂಚದ ಮೇಲಿಂದ ಶಕುಂತಲಾಬಾಯಿ, ಕಣ್ಣು ಮುಚ್ಚಿಕೊಂಡೇ.

ಶುಭಾಂಗಿ ಬಿಡಲಿಲ್ಲ. "ಇಂಗ್ಲಿಷ್‌ನ್ಯಾಗ ಇದಕ್ಕ ರಿಪಲ್ ಅಂತಾರ. ಈ ಗಂಗಾಳದಾಗಿಂದಕ್ಕೂ ಅದೇ ಹೆಸರು, ಆಕಾಶದಾಗಿಂದಕ್ಕೂ ಅದೇ. ಪೇಪರಿನ್ಯಾಗ ಸುದ್ದಾ ಬರೀತಾರ. ಡೀಸೆಲ್ ಏರಿತು, ಅದರಿಂದ ಬಾಡಗಿ ಏರಿತು, ಅದರಿಂದ ಕಾಯಿಪಲ್ಲೆ ಏರಿತು ಅಂದ್ರ ಅದು ರಿಪಲ್ ಇಫೆಕ್ಟ್."

"ಬರೇ ಕೆಟ್ಟದ್ದಕ್ಕ ಅಷ್ಟೇ ಅಂತಾರೇನು? ಒಳ್ಳೇದಕ್ಕ ಅನ್ನಾಂಗಿಲ್ಲೇನು?"

"ಒಳ್ಳೇದಕ್ಕೂ ಅಂತಾರವ್ವಾ. ಒಬ್ರು ಒಬ್ರಿಗೆ ಉಪಕಾರ ಮಾಡಿದ್ರ ಅದು ಮುಂದ ಮುಂದ ಹೋಗ್ತದಲ್ಲ, ಅದಕ್ಕೂ."

ರಂಭಾಬಾಯಿ ಮೊರ ಕೆಳಗಿಟ್ಟಳು. ಗಂಗಾಳದಲ್ಲಿ ತೆರೆ ಅಡಗುವ ತನಕ ನೋಡಿದಳು. ಆಮೇಲೆ, ಯಾರೂ ಕೇಳದ್ದರಿಂದ ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿದಳು.

ಅವಳ ಅವ್ವ ದಿನಾ ಮಲಗುವಾಗ ಅವಳ ತಲೆದೆಸೆಗೆ ಒಂದು ತಂಬಿಗೆ ನೀರಿಡುತ್ತಿದ್ದಳಂತೆ. ಈ ಹುಡುಗಿಗೆ ನಡುರಾತ್ರಿ ನೀರಡಿಕೆ. ಆ ದಿನವೂ ಇಟ್ಟಿದ್ದಳು. ಮನೆ ಕೂತಾಗ ಎರಡು ತೊಲೆಗಳು ಒಂದರ ಮೇಲೊಂದು ಅಡ್ಡ ಬಿದ್ದು, ಅದರಡಿಯ ಸಂದಿಯಲ್ಲಿ ಹುಡುಗಿ ಉಳಿದಳು, ತಂಬಿಗೆಯೂ ಉಳಿಯಿತು. ಕೈ ಮಾತ್ರ ಆಡುತ್ತಿತ್ತು, ತಂಬಿಗೆಗೆ ಬೆರಳು ಮುಟ್ಟುತ್ತಿತ್ತು. ಬೆರಳು ಅದ್ದುವುದು, ನೆಕ್ಕುವುದು. ಕೂಗಿ ಕೂಗಿ ದನಿ ಹೋಯಿತು. ಕಿವಿಯಲ್ಲಿ ಮಣ್ಣು ತುಂಬಿ ಏನೂ ಕೇಳುತ್ತಿರಲಿಲ್ಲ. ಅವ್ವನನ್ನು ಕರೆಯುವುದನ್ನೂ ಬಿಟ್ಟಳು.

"ಹೊರಗ ಹಗಲಾಗಿತ್ತೋ ಏನೋ. ನೀರಿನ್ಯಾಗ ಬೆರಳಿಟ್ಟು ಸುಮ್ಮನಿದ್ದೆ" ಎಂದಳು. "ಬೆರಳಿಗೆ ಏನೋ ಮುಟ್ಟಿದಂಗಾತು. ನೀರು ಸಣ್ಣಗ ಅಲಗ್ಲಾಕತ್ತಿತ್ತು. ಅಲಗತಿತ್ತು, ನಿಲ್ಲತಿತ್ತು, ಮತ್ತ ಅಲಗತಿತ್ತು. ಭೂಮಿ ಅಲಗಿದ್ರ ಹಂಗ ನಿಂತು ನಿಂತು ಅಲಗೂದಿಲ್ಲ. ಮ್ಯಾಲ ಯಾರೋ ಅಗೀಲಾಕತ್ತಾರ ಅಂತ ಗೊತ್ತಾತು ನನಗ. ಯಾರೋ ಬರ್ಲಾಕತ್ತಾರ ಅಂತ ಗೊತ್ತಾತು."

ಬಂದವನು ಒಬ್ಬ ಫೌಜಿ, ಮಿಲಿಟರಿಯವನು. ಎಲ್ಲಿಯವನೋ, ದೂರದ ದಕ್ಷಿಣದವನೋ ಏನೋ. ಅವನ ಮಾತು ಇವಳಿಗೆ ತಿಳಿಯದು, ಇವಳದು ಅವನಿಗೆ ತಿಳಿಯದು. ಒಂದು ಕಲ್ಲು ಸರಿಸಿ ಕೈ ಒಳಗೆ ಚಾಚಿ ಅವಳ ಬೆರಳು ಹಿಡಿದ. ಉಳಿದ ಕಲ್ಲುಮಣ್ಣು ತೆಗೆಯಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಬೆರಳು ಬಿಡದೆ, ಆ ಸಂದಿಗೆ ಬಾಯಿ ಹಚ್ಚಿ, ಮಣ್ಣು ತುಂಬಿದ ಕಿವಿಗೂ ಕೇಳುವ ಹಾಗೆ ಒಂದೇ ಮಾತು ಹೇಳಿದ, 'ಕಮಿಂಗ್, ಕಮಿಂಗ್'. ಹೊರಗೆ ತೆಗೆದು ಕಂಬಳಿ ಸುತ್ತಿ ಯಾರದೋ ಕೈಗೆ ಕೊಟ್ಟು, ಆ ಕಡೆ ಇನ್ನೊಂದು ಮನೆಯ ಕಲ್ಲಿನ ಗುಡ್ಡೆಗೆ ಓಡಿದ. ಅವನ ಹೆಸರು ಕೇಳಲಿಲ್ಲ, ಮುಖವೂ ನೆನಪಿಲ್ಲ.

"ಎಲ್ಲಾರೂ ನಾ ಹೆದರಿ ಗಂಗಾಳ ಇಟ್ಟೀನಿ ಅಂತ ತಿಳದಾರ" ಎಂದಳು ರಂಭಾಬಾಯಿ. "ಹೆದರಿಕಿ ನನಗ ಕಲ್ಲಿಂದು, ನೀರಿಂದಲ್ಲ. ನೀರಿನ್ಯಾಗ ತೆರಿ ಎದ್ರ ನನಗ ಈಗೂ ಜೀವ ತಂಪಾಗ್ತದ. ಯಾರೋ ಬರ್ಲಾಕತ್ತಾರ ಅನಸ್ತದ. ಅಂವಾ ಹೇಳಿದ ಮಾತು ಮರೀಬಾರ್ದಂತ ದಿನಾ ಅಂತೀನಿ. ಅಂವಗ ಕೈಮುಗದು ಹೇಳಬೇಕಂದ್ರ ಎಲ್ಲಿ ಹುಡುಕ್ಲಿ?"

ಶುಭಾಂಗಿ ತಾಯಿಯ ಮಗ್ಗುಲಿಗೆ ಬಂದು ಕೂತಳು. ತಾನೂ ಊರವರ ಜೊತೆ ಸೇರಿ ಅವ್ವನನ್ನು ಕಮಿಂಗ್‌ಬಾಯಿ ಎಂದು ಕಾಡಿಸಿದ್ದು ಅವಳಿಗೆ ನೆನಪಾಯಿತು.

"ಅಲ್ಲ ಶುಭಾಂಗೀ, ಅಷ್ಟು ದೂರಿನ ತೆರಿ ನಮ್ಮ ತನಕಾ ಬರ್ತದಂದ್ರ, ನಾ ಇಲ್ಲಿ ಕುಂತು ದಿನಾ ನೆನಸೂದು ಅಂವಗ ಮುಟ್ಟಿರಬೇಕಲ್ಲ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಹುಡುಗಿ ಆಗ ಪುಸ್ತಕದ ಗೋಜಿಗೆ ಹೋಗಲಿಲ್ಲ. "ಮುಟ್ಟಿರ್ತದವ್ವಾ" ಎಂದಳು. ಎಲ್ಲ ಕೇಳಿಸಿಕೊಂಡಿದ್ದ ಶಕುಂತಲಾಬಾಯಿ ಮಂಚದ ಮೇಲೆ ಆ ಕಡೆ ಹೊರಳಿ ಮಲಗಿದಳು.

ಹೇಳಿಕೊಂಡು ರಂಭಾಬಾಯಿಯ ಮನಸ್ಸು ಹಗುರಾಯಿತು, ಕಾಲು ಮಾತ್ರ ಹಗುರಾಗಲಿಲ್ಲ. ಮನೆ ಒಕ್ಕಲಿನ ದಿನ ಬಂದೇ ಬಂತು. ಅಷ್ಟರಲ್ಲಿ ಚಳಿ ಶುರುವಾಗಿ ಮುದುಕಿಯ ಕೆಮ್ಮು ಮರುಕಳಿಸಿತ್ತು. ಬೀಗರು, ಓಣಿಯವರು, ಹೊಸ ಅಂಗಿ ತೊಟ್ಟ ಖಂಡೆಪ್ಪ, ಎಲ್ಲರೂ ಅಂಗಳದಲ್ಲಿ ಕೂಡಿದರು. ಸ್ವಾಮಿಗಳು ಮೊದಲು ಮನೆಯ ಹಿರಿಯಳು, ಅವಳ ಹಿಂದೆ ತುಂಬಿದ ಕೊಡ ಹಿಡಿದು ಮನೆಯೊಡತಿ ಒಳಗೆ ಹೋಗಬೇಕು ಎಂದರು.

"ರಂಭಾ ನನ್ನ ಹಿಂದ ಬರ್ತಾಳಂದ್ರ ಎತ್ತರಿ" ಎಂದಳು ಶಕುಂತಲಾಬಾಯಿ. ದಿಗಂಬರ ಮತ್ತು ಶುಭಂ ಆಕೆಯನ್ನು ಕುರ್ಚಿಯ ಸಮೇತ ಎತ್ತಿ, ಒಳಗಿನ ಖೋಲಿಯ ಮಂಚದ ಮೇಲೆ ಮಲಗಿಸಿ ಬಂದರು.

ರಂಭಾಬಾಯಿ ಕೊಡ ಹಿಡಿದು ಹೊಸ್ತಿಲ ತನಕ ಬಂದಳು. ಅಲ್ಲಿ ನಿಂತಳು. ಕೊಡದ ನೀರು ತುಳುಕಿ ಸೀರೆಯ ಮೇಲೆ ಚೆಲ್ಲಿತು. ಬಾಗಿಲೊಳಗಿನ ನೆರಳು ಅವಳಿಗೆ ಆ ಸಂದಿಯ ಕತ್ತಲೆಯ ಹಾಗೆ ಕಂಡಿತು. ದಿಗಂಬರ ಮೆತ್ತಗೆ, "ನಿಧಾನ ಬಾ, ಯಾರೂ ಅವಸರ ಮಾಡಾಂಗಿಲ್ಲ" ಎಂದ. ಶುಭಂ ಕೈ ಚಾಚಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಸ್ವಾಮಿಗಳು ಮಂತ್ರ ನಿಲ್ಲಿಸಿದರು. ಇನ್ನು ತನ್ನಿಂದ ಆಗುವುದಿಲ್ಲ, ಅತ್ತೆಯನ್ನು ಮತ್ತೆ ಶೆಡ್ಡಿಗೆ ಹೊತ್ತು ತರಬೇಕಾಗುತ್ತದೆ ಎಂದುಕೊಂಡಾಗ ಅವಳ ಕಣ್ಣಲ್ಲಿ ನೀರು ಬಂತು.

ಆಗ ಒಳಗಿನಿಂದ ದನಿ ಕೇಳಿತು. ಕೆಮ್ಮಿ ಸೋತ ದನಿ.

"ರಂಭಾ, ನನಗ ನೀರು ಬೇಕವ್ವಾ."

"ಕಮಿಂಗ್, ಕಮಿಂಗ್" ಎಂದಳು ರಂಭಾಬಾಯಿ, ದಿನಾ ಅನ್ನುವ ಹಾಗೆ. ಅಂದವಳೇ ದಿನಾ ಓಡುವ ಹಾಗೆ ಓಡಿದಳು. ಹೊಸ್ತಿಲು ದಾಟಿದ್ದು, ನಡುಮನೆ ದಾಟಿದ್ದು, ಒಂದೂ ಅವಳ ಗಮನಕ್ಕೆ ಬರಲಿಲ್ಲ. ಖೋಲಿಯ ಬಾಗಿಲಿಗೆ ಬಂದ ಮೇಲೆ ತಾನು ಎಲ್ಲಿದ್ದೇನೆ ಎಂದು ತಿಳಿದು ಮೇಲೆ ನೋಡಿದಳು. ಸ್ಲ್ಯಾಬು ತನ್ನ ಪಾಡಿಗೆ ತಾನಿತ್ತು.

ಮಂಚದ ತಲೆದೆಸೆಗೆ ಕಂಠದ ತನಕ ತುಂಬಿದ ತಂಬಿಗೆ ಇತ್ತು. ಶಕುಂತಲಾಬಾಯಿ ಅದರೊಳಗೆ ಒಂದು ಬೆರಳು ಅದ್ದಿ ಮಲಗಿದ್ದಳು.

"ನೀರು ಇಲ್ಲೇ ಅದಲ್ಲರೀ ಅತ್ತೆವ್ವಾ" ಎಂದಳು ರಂಭಾಬಾಯಿ.

"ಅದ" ಎಂದಳು ಮುದುಕಿ. "ನೀ ಬರ್ಲಾಕತ್ತಿದ್ದು ಬೆರಳಿಗೆ ಗೊತ್ತಾತು."

ರಂಭಾಬಾಯಿ ಕೊಡ ಇಳಿಸಿ, ಆ ಒದ್ದೆ ಬೆರಳು ಹಿಡಿದುಕೊಂಡು ಅಲ್ಲೇ ಕೂತಳು.